ಹೊದಿಕೆಯ ಒಳಗಿನ ಬಿರುಕು: 1946ರ ಏರೋಂಕಾ ಚೀಫ್ ವಿಮಾನದ ಎಡರೆಕ್ಕೆಯ ದುರಸ್ತಿ

ಎಡರೆಕ್ಕೆಯ ಬಟ್ಟೆಯನ್ನು ಬಿಚ್ಚಿ ಹೊಸ ಬಟ್ಟೆ ಹೊದಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ಎರಡು ತಿಂಗಳಲ್ಲಿ ಮುಗಿಯುತ್ತದೆಂದು ಅಂದಾಜು ಮಾಡಿದ್ದ ಕೆಲಸ ಹದಿನೇಳು ತಿಂಗಳು ಹಿಡಿಯಿತು. ರೆಕ್ಕೆಯ ಮುಂದಿನ ಮರದ ತೊಲೆಯಲ್ಲಿ, ಅಂದರೆ ನಾವೆಲ್ಲ ಸ್ಪಾರ್ ಎಂದು ಕರೆಯುವ ಭಾಗದಲ್ಲಿ, ಕೂದಲೆಳೆಗಿಂತ ತೆಳ್ಳಗಿನ ಒಂದು ಗೆರೆ ಸಿಕ್ಕಿದ್ದೇ ಇದಕ್ಕೆ ಕಾರಣ. ಆ ಗೆರೆ ಹೇಗೆ ಕಣ್ಣಿಗೆ ಬಿತ್ತು, ಅದರ ಬಗ್ಗೆ ವಿಮಾನದ ದಾಖಲೆಗಳು ಏನನ್ನು ಹೇಳದೆ ಬಿಟ್ಟಿದ್ದವು, ಅದನ್ನು ಸರಿಪಡಿಸಲು ನಾನು ಏನೇನು ಮಾಡಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂತಹ ವಿಮಾನವನ್ನು ಇಟ್ಟುಕೊಂಡವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ವಿಮಾನದ ಬಗ್ಗೆ ಎರಡು ಮಾತು. ಏರೋಂಕಾ 11ಎಸಿ ಚೀಫ್ ಎರಡನೆಯ ಮಹಾಯುದ್ಧ ಮುಗಿದ ಕೂಡಲೇ ಅಮೆರಿಕದ ಒಹಾಯೋ ರಾಜ್ಯದ ಮಿಡ್ಲ್‌ಟೌನ್‌ನಲ್ಲಿ ತಯಾರಾದ, ಇಬ್ಬರು ಅಕ್ಕಪಕ್ಕ ಕೂರುವ ಹಗುರ ವಿಮಾನ. ಅದೇ ಕಾರ್ಖಾನೆಯ 7ಎಸಿ ಚಾಂಪ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಕೂರಬೇಕು, ಮತ್ತು ಹಾರಾಟಕ್ಕೆ ಕೋಲು ಹಿಡಿಯಬೇಕು. ಚೀಫ್‌ನಲ್ಲಿ ಚಕ್ರದಂತಹ ಹಿಡಿ ಇದೆ. ಎರಡಕ್ಕೂ ಬಹುಪಾಲು ಬಿಡಿಭಾಗಗಳು ಒಂದೇ. ಕಾಂಟಿನೆಂಟಲ್ ಎ-65 ಎಂಜಿನ್, ನಾಲ್ಕು ಸಿಲಿಂಡರ್, ನಿಮಿಷಕ್ಕೆ 2,300 ಸುತ್ತುಗಳಲ್ಲಿ 65 ಅಶ್ವಶಕ್ತಿ. ರೆಕ್ಕೆಯ ತುದಿಯಿಂದ ತುದಿಗೆ 36 ಅಡಿ. ಹೊರೆ ಸೇರಿ ಅನುಮತಿಸಿದ ಗರಿಷ್ಠ ತೂಕ 1,250 ಪೌಂಡ್, ಅಂದರೆ ಸುಮಾರು 567 ಕಿಲೋ. ಮೈಯ ಚೌಕಟ್ಟು ಉಕ್ಕಿನ ಕೊಳವೆಗಳದು. ರೆಕ್ಕೆಯಲ್ಲಿ ಸ್ಪ್ರೂಸ್ ಮರದ ಎರಡು ಸ್ಪಾರ್‌ಗಳು, ರೆಕ್ಕೆಗೆ ಆಕಾರ ಕೊಡುವ, ಅಚ್ಚೊತ್ತಿದ ಅಲ್ಯೂಮಿನಿಯಂ ರಿಬ್‌ಗಳು, ಎಲ್ಲದರ ಮೇಲೆ ಬಟ್ಟೆ. ಸ್ಟಾರ್ಟರ್ ಇಲ್ಲ, ಬ್ಯಾಟರಿ ಇಲ್ಲ. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿಯೇ ಎಂಜಿನ್ ಹೊತ್ತಿಸಬೇಕು.

ಯುದ್ಧದಿಂದ ಮರಳಿದ ಪೈಲಟ್‌ಗಳೆಲ್ಲ ತಮ್ಮದೇ ವಿಮಾನ ಕೊಳ್ಳುತ್ತಾರೆ ಎಂಬ ನಂಬಿಕೆಯಲ್ಲಿ 1946ರಲ್ಲಿ ಅಮೆರಿಕದ ಕಾರ್ಖಾನೆಗಳು ಸುಮಾರು 35,000 ನಾಗರಿಕ ವಿಮಾನಗಳನ್ನು ತಯಾರಿಸಿದವು. ಮರುವರ್ಷವೇ ಆ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. 1951ರ ಹೊತ್ತಿಗೆ ಏರೋಂಕಾ ಕಂಪನಿ ಹಗುರ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತ್ತು. ಚಾಂಪ್‌ಗಳು ಏಳು ಸಾವಿರಕ್ಕೂ ಹೆಚ್ಚು ತಯಾರಾದ್ದರಿಂದ ಇಂದಿಗೂ ಅಲ್ಲಲ್ಲಿ ಕಾಣಿಸುತ್ತವೆ. ಚೀಫ್‌ಗಳ ಸಂಖ್ಯೆ ಅದರ ಒಂದು ಪಾಲು ಮಾತ್ರ, ಹಾರುವ ಸ್ಥಿತಿಯಲ್ಲಿ ಉಳಿದವು ಇನ್ನೂ ಕಡಿಮೆ. ಕನ್ನಡ ಓದುಗರಿಗೆ ಈ ವಂಶ ಅಪರಿಚಿತವೇನಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1958ರ ಸೆಪ್ಟೆಂಬರ್ 28ರಂದು ಮೊದಲು ಹಾರಿದ, ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದು ತಲೆಮಾರಿಗೆ ಹಾರಾಟ ಕಲಿಸಿದ ಪುಷ್ಪಕ್ ವಿಮಾನದ ಮೂಲ ಈ ಚೀಫ್‌ನಲ್ಲೇ ಇದೆ. ಪುಷ್ಪಕ್‌ಗೆ 90 ಅಶ್ವಶಕ್ತಿಯ ಎಂಜಿನ್ ಇತ್ತು ಎಂಬುದು ಬೇರೆ ಮಾತು. ಇವೆರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಡಹುಟ್ಟಿದವರೆಂದು ಯಾರಾದರೂ ಗುರುತಿಸುತ್ತಾರೆ.

ನನ್ನ ಕೈಗೆ ಬಂದಾಗ ಈ ವಿಮಾನ ಒಂಬತ್ತು ವರ್ಷಗಳಿಂದ ಹಾರಿರಲಿಲ್ಲ. ಹಿಂದಿನ ಮಾಲೀಕರು ತೀರಿಕೊಂಡಿದ್ದರು. ಅವರ ಪತ್ನಿ ಲಾಗ್‌ಬುಕ್‌ಗಳನ್ನು ಒಂದು ಬಟ್ಟೆಚೀಲದಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದರು. "ಅವರು ಭಾನುವಾರ ಬೆಳಿಗ್ಗೆ ಇದರ ಜೊತೆಗೇ ಇರುತ್ತಿದ್ದರು, ಹಾರಿದರೂ ಸರಿ, ಒರೆಸುತ್ತ ಕೂತರೂ ಸರಿ" ಎಂದು ಹೇಳಿ ಚೀಲವನ್ನು ನನ್ನ ಕೈಗಿಟ್ಟರು. ಆ ಪುಸ್ತಕಗಳನ್ನು ನಾನು ಎರಡು ಸಲ ಮೊದಲಿನಿಂದ ಕೊನೆಯವರೆಗೆ ಓದಿದೆ. ಹಳೆಯ ಮಾಲೀಕರೊಬ್ಬರ ಕಾಲದ ಒಂದು ಸಾಲು ಎರಡು ಓದಿನಲ್ಲೂ ನನ್ನ ಕಣ್ಣಿಗೆ ಬಿದ್ದಿತ್ತು: ಎಡರೆಕ್ಕೆಯ ತುದಿಯ ಬಾಗುಪಟ್ಟಿಯನ್ನು ಬದಲಿಸಲಾಗಿದೆ, ಆ ಜಾಗದ ಬಟ್ಟೆಗೆ ತೇಪೆ ಹಾಕಲಾಗಿದೆ. ಅದು ಯಾಕೆ ಮುರಿಯಿತು ಎಂಬ ವಿವರ ಇರಲಿಲ್ಲ. ನಾನೂ ಆಗ ಅದನ್ನು ಕೇಳಿಕೊಳ್ಳಲಿಲ್ಲ.

ಮೊದಲ ವಾರ

ರೆಕ್ಕೆಯನ್ನು ಕಳಚಿ, ಮೆತ್ತನೆಯ ಸ್ಟ್ಯಾಂಡ್‌ಗಳ ಮೇಲೆ ಮುಂಚೂಣಿ, ಅಂದರೆ ಮುಂದಿನ ಅಂಚು, ಕೆಳಗಾಗುವಂತೆ ನಿಲ್ಲಿಸಿದೆವು. ಬಟ್ಟೆಯನ್ನು ಹರಿದು ಎಸೆಯುವ ಆಸೆ ಯಾರಿಗೂ ಬರುತ್ತದೆ, ಹಾಗೆ ಮಾಡಬಾರದು. ರಿಬ್‌ನ ಮೇಲೆ ಹೊಲಿಗೆಗಳ ನಡುವಿನ ಅಂತರ, ತಪಾಸಣೆ ಕಿಂಡಿಗಳ ಜಾಗ, ನೀರು ಬಸಿಯುವ ತೂತುಗಳ ಜಾಗ, ಪಟ್ಟಿಗಳ ಅಗಲ, ಎಲ್ಲವೂ ಆ ಹಳೆಯ ಬಟ್ಟೆಯ ಮೇಲೆಯೇ ಇರುತ್ತವೆ. ಆದ್ದರಿಂದ ಹಿಂಚೂಣಿಯ ಉದ್ದಕ್ಕೂ ಕತ್ತರಿಸಿ, ಹೊಲಿಗೆಯ ದಾರವನ್ನು ಒಂದೊಂದಾಗಿ ಕೊಯ್ದು, ಮೇಲಿನ ಮತ್ತು ಕೆಳಗಿನ ಹಾಳೆಗಳನ್ನು ಇಡಿಯಾಗಿ ತೆಗೆದು ಗೋಡೆಗೆ ತೂಗುಹಾಕಿದೆ. ಅದೇ ನನ್ನ ನಕ್ಷೆಯಾಯಿತು. ತೇಪೆ ಹಾಕಿದ ತುದಿಯಲ್ಲಿ ಬಣ್ಣದ ಪದರಗಳು ಎಷ್ಟಿದ್ದವೆಂದರೆ, ಬಾಗಿಸಿದರೆ ಹಾಳೆ ಹಪ್ಪಳದಂತೆ ಮುರಿಯುತ್ತಿತ್ತು.

ಬಟ್ಟೆ ಹೋದ ಮೇಲೆ ಒಳಗಿನ ಕೆಲಸ ಬೆಳಕಿಗೆ ಬಂತು. ರಿಬ್‌ಗಳು ಬಹುತೇಕ ಚೆನ್ನಾಗಿದ್ದವು. ಎರಡರ ಅಂಚು ಸೀಳಿತ್ತು. ಅಡ್ಡ ಎಳೆತದ ತಂತಿಗಳಲ್ಲಿ ಒಂದಕ್ಕೆ ತುಕ್ಕು ಹಿಡಿದಿತ್ತು. ರಿಬ್‌ಗಳನ್ನು ಸ್ಪಾರ್‌ಗೆ ಹಿಡಿದಿಡುವ ಸಣ್ಣ ಮೊಳೆಗಳು ಕೆಲವೆಡೆ ಸಡಿಲವಾಗಿ, ಬೆರಳಿಗೆ ಅಲುಗುತ್ತಿದ್ದವು. ಇದನ್ನು ಹಗುರವಾಗಿ ಕಾಣುವಂತಿಲ್ಲ. ಮೊಳೆ ಸಡಿಲವಾದ ಜಾಗದಲ್ಲಿ ಮರ ಉದ್ದಕ್ಕೆ ಸೀಳಿರಬಹುದು, ಅಥವಾ ಸ್ಪಾರ್ ಒಮ್ಮೆ ತನ್ನ ಮಿತಿ ಮೀರಿ ಬಾಗಿರಬಹುದು. ಏರೋಂಕಾದಿಂದ ಬಂದ 7, 8 ಮತ್ತು 11ರ ಸರಣಿಯ ವಿಮಾನಗಳಲ್ಲಿ ಮರದ ಸ್ಪಾರ್‌ಗಳನ್ನು ಪರೀಕ್ಷಿಸುವುದನ್ನು ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ. ಸಡಿಲ ಮೊಳೆಗಳಿದ್ದ ರಿಬ್‌ಗಳ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತ ಹೋದೆ. ಗುರುತುಗಳೆಲ್ಲ ಸ್ಟ್ರಟ್, ಅಂದರೆ ರೆಕ್ಕೆಗೆ ಕೆಳಗಿನಿಂದ ಆಧಾರ ಕೊಡುವ ಓರೆಕೋಲು, ಕೂಡುವ ಜಾಗದಿಂದ ಹೊರಗೆ, ತುದಿಯ ಕಡೆಗೆ, ಒಂದೇ ಕಡೆ ಗುಂಪಾದವು. ಆಗ ಲಾಗ್‌ಬುಕ್‌ನ ಆ ಸಾಲು ನೆನಪಾಯಿತು.

ಬಿರುಕು ಸಿಕ್ಕಿದ ರಾತ್ರಿ

ಕಂಪ್ರೆಷನ್ ಬಿರುಕನ್ನು, ಅಂದರೆ ಮರದ ಎಳೆಗಳು ಒತ್ತಡಕ್ಕೆ ಹಿಸುಕಿ ಬೀಳುವ ಬಿರುಕನ್ನು, ಹಗಲಿನಲ್ಲಿ, ನೆತ್ತಿಯ ಮೇಲಿನ ಬೆಳಕಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹ್ಯಾಂಗರ್‌ನ ದೀಪಗಳನ್ನೆಲ್ಲ ಆರಿಸಿ, ಹಳೆಯ ವಾರ್ನಿಷನ್ನು ಮೃದುವಾಗಿ ಕೆರೆದು ತೆಗೆದು, ಸ್ಪಾರ್‌ನ ಮೈಗೆ ಹತ್ತಿಕೊಂಡಂತೆ ಟಾರ್ಚ್ ಹಿಡಿದು, ಬೆಳಕು ಮರದ ಎಳೆಯ ಗುಂಟ ಸವರಿಕೊಂಡು ಹೋಗುವಂತೆ ಮಾಡಬೇಕು. ನಾನು ರೆಕ್ಕೆ ವಿಮಾನದ ಮೈಗೆ ಕೂಡುವ ಬೇರಿನ ಕಡೆಯಿಂದ ತುದಿಯ ಕಡೆಗೆ ಒಂದೊಂದು ಗೇಣು ನೋಡುತ್ತ ಸಾಗಿದೆ. ಸ್ಟ್ರಟ್ ಜೋಡಣೆಯ ಎರಡೂ ಬದಿಗೆ ಅಂಟಿಸಿದ ಬಲವರ್ಧನೆಯ ಪ್ಲೈವುಡ್ ಹಲಗೆ ಕೊನೆಯಾಗುವಲ್ಲಿಂದ ಎರಡು ಇಂಚು ಆಚೆ, ಸ್ಪಾರ್‌ನ ಮೇಲಂಚಿನಲ್ಲಿ, ಎಳೆಗೆ ಅಡ್ಡವಾಗಿ ಒಂದು ಅಂಕುಡೊಂಕು ಗೆರೆ ಇತ್ತು. ಬೆಳಕು ಒಂದು ಕಡೆಯಿಂದ ಬಿದ್ದಾಗ ಗೆರೆಯ ಅಂಚು ಬಿಳಿಯಾಗಿ ಹೊಳೆಯುತ್ತಿತ್ತು, ಎದುರು ಕಡೆಯಿಂದ ಬಿದ್ದಾಗ ಕಾಣೆಯಾಗುತ್ತಿತ್ತು. ಉಗುರಿನಿಂದ ಸವರಿದರೆ ಒಣಗಿದ ಗಾಯದ ಕಲೆಯ ಮೇಲೆ ಕೈಯಾಡಿಸಿದ ಹಾಗೆ ಒಂದು ಚಿಕ್ಕ ಏರು ತಿಳಿಯುತ್ತಿತ್ತು. ನನ್ನ ಮಗಳು ಕನ್ನಡಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. "ಅಪ್ಪಾ, ಇದು ಬರೀ ಗೀಚಲ್ವಾ?" ಎಂದು ಕೇಳಿದಳು. ಗೀಚಾಗಿದ್ದರೆ ಎಳೆಗಳು ಕಡಿದಿರುತ್ತವೆ; ಇಲ್ಲಿ ಎಳೆಗಳು ಒಂದರೊಳಗೊಂದು ಕುಸಿದು ಮಡಿಸಿಕೊಂಡಿದ್ದವು. ಭೂತಗನ್ನಡಿಯಲ್ಲಿ ಅವಳಿಗೂ ಅದು ಕಾಣಿಸಿತು.

ಇದು ಹೇಗೆ ಆಯಿತೆಂಬುದನ್ನು ಮರವೇ ಹೇಳುತ್ತದೆ. ಬಾಲಚಕ್ರದ ವಿಮಾನ ಇಳಿಯುವಾಗ ಹತೋಟಿ ತಪ್ಪಿ ನೆಲದ ಮೇಲೆಯೇ ಗಿರಕಿ ಹೊಡೆದರೆ, ಹೊರಬದಿಯ ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ತುದಿ ಮೇಲಕ್ಕೆ ತಳ್ಳಲ್ಪಡುತ್ತದೆ. ಸ್ಟ್ರಟ್ ಹಿಡಿದಿಟ್ಟ ಜಾಗ ಅಲುಗುವುದಿಲ್ಲ. ನಡುವಿನ ಸ್ಪಾರ್ ಬಾಗಿ, ಅದರ ಮೇಲಂಚಿನ ಎಳೆಗಳು ಹಿಸುಕಿಹೋಗುತ್ತವೆ. ದಪ್ಪವಾದ, ಬಿಗಿಯಾದ ಭಾಗ ಮುಗಿದು ತೆಳು ಭಾಗ ಶುರುವಾಗುವ ಗಡಿಯಲ್ಲೇ ಒತ್ತಡ ಹೆಚ್ಚು ಸೇರುವುದರಿಂದ ಬಿರುಕು ಹಲಗೆಯ ಕೊನೆಯ ಪಕ್ಕದಲ್ಲೇ ಬೀಳುತ್ತದೆ. ಅಂದು ದುರಸ್ತಿ ಮಾಡಿದವರು ಮುರಿದ ಬಾಗುಪಟ್ಟಿಯನ್ನು ಬದಲಿಸಿದರು, ತೇಪೆ ಹಾಕಿದರು, ಅಷ್ಟನ್ನೇ ಬರೆದರು. ಏಟು ಒಳಗೆ ಎಲ್ಲಿಯವರೆಗೆ ಹೋಗಿದೆ ಎಂದು ಬಟ್ಟೆ ಬಿಚ್ಚಿ ನೋಡಲಿಲ್ಲ. ಅದಾದ ಮೇಲೆ ಈ ರೆಕ್ಕೆ ನೂರಾರು ಗಂಟೆ ಹಾರಿದೆ, ಭಾನುವಾರದ ಆ ಬೆಳಗುಗಳಲ್ಲೂ ಹಾರಿದೆ. ಹಿಸುಕಿದ ಎಳೆ ಒತ್ತಡವನ್ನು ಸ್ವಲ್ಪ ಮಟ್ಟಿಗೆ ತಾಳಿಕೊಳ್ಳಬಹುದು, ಎಳೆತವನ್ನು ತಾಳುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ರೆಕ್ಕೆಯನ್ನು ಕೆಳಕ್ಕೆ ಬಗ್ಗಿಸುವ ಒಂದು ಜೋರಾದ ಗಾಳಿಯ ಹೊಡೆತ, ಅಥವಾ ಒಂದು ಒರಟಾದ ಇಳಿತ, ಮೇಲಂಚನ್ನು ಎಳೆತಕ್ಕೆ ಸಿಕ್ಕಿಸುತ್ತದೆ. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತೇಪೆಯೋ, ಹೊಸ ಸ್ಪಾರೋ

ಮರದ ಸ್ಪಾರನ್ನು ಇಳಿಜಾರಾಗಿ ಕೊಯ್ದು ಹೊಸ ತುಂಡನ್ನು ಅಂಟಿಸಿ ಬೆಸೆಯುವುದಕ್ಕೆ ಅವಕಾಶವಿದೆ. ಎಫ್‌ಎಎಯ ದುರಸ್ತಿ ಕೈಪಿಡಿ ಎಸಿ 43.13-1ಬಿ ಇದನ್ನು ಚಿತ್ರಸಹಿತ ವಿವರಿಸುತ್ತದೆ. ಇಳಿಜಾರು ಹತ್ತಕ್ಕೆ ಒಂದಕ್ಕಿಂತ ಕಡಿದಾಗಿರಬಾರದು, ಹನ್ನೆರಡಕ್ಕೆ ಒಂದು ಇದ್ದರೆ ಒಳ್ಳೆಯದು. ಅಂದರೆ ಒಂದು ಇಂಚು ದಪ್ಪದ ಮರಕ್ಕೆ ಹನ್ನೆರಡು ಇಂಚು ಉದ್ದದ ಕೊಯ್ತ, ಅದರ ಎರಡೂ ಬದಿಗೆ ಬಲವರ್ಧನೆಯ ಹಲಗೆಗಳು. ಆದರೆ ಈ ಬೆಸುಗೆ ರೆಕ್ಕೆಯ ಬೇರಿನ ಜೋಡಣೆಯ ಅಡಿಗಾಗಲಿ ಸ್ಟ್ರಟ್ ಜೋಡಣೆಯ ಅಡಿಗಾಗಲಿ ಬರುವಂತಿಲ್ಲ. ನನ್ನ ಬಿರುಕು ಸ್ಟ್ರಟ್ ಜೋಡಣೆಯ ಹಲಗೆಯಿಂದ ಎರಡೇ ಇಂಚು ದೂರದಲ್ಲಿತ್ತು. ಬೆಸುಗೆಯನ್ನು ಹೇಗೆ ಕೂರಿಸಿದರೂ ಅದು ಅಲ್ಲಿಗೇ ನುಗ್ಗುತ್ತಿತ್ತು. ಕೆಲಸಕ್ಕೆ ಸಹಿ ಹಾಕಬೇಕಿದ್ದ ಹಿರಿಯ ತಪಾಸಕರು ಬಂದು ನೋಡಿ, ಅಳೆದು, "ಹೊಸ ಸ್ಪಾರ್ ಮಾಡಿ, ಬೇರೆ ದಾರಿ ಹುಡುಕುತ್ತ ಕಾಲ ಕಳೆಯಬೇಡಿ" ಎಂದರು. ಅವರ ಮಾತು ನನ್ನ ಮನಸ್ಸಿನಲ್ಲಿದ್ದದ್ದೇ ಆಗಿತ್ತು. ಮೂಲ ಮರವನ್ನು ಉಳಿಸಿಕೊಳ್ಳಬೇಕೆಂಬ ಮೋಹ ಹಳೆಯ ವಿಮಾನ ಇಟ್ಟುಕೊಂಡವರಿಗೆಲ್ಲ ಇರುತ್ತದೆ, ನನಗೂ ಇದೆ; ಭಾರ ಹೊರುವ ಭಾಗದಲ್ಲಿ ಆ ಮೋಹಕ್ಕೆ ಜಾಗ ಕೊಡಬಾರದೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ವಿಮಾನದ ದರ್ಜೆಯ ಸಿಟ್ಕಾ ಸ್ಪ್ರೂಸ್ ಬರಲು ಐದು ತಿಂಗಳು ಹಿಡಿಯಿತು. ಪ್ರಮಾಣಪತ್ರವಿದ್ದರೂ ನಾನೇ ಮತ್ತೊಮ್ಮೆ ಪರೀಕ್ಷಿಸಿದೆ. ಒಂದು ಇಂಚಿಗೆ ಕನಿಷ್ಠ ಆರು ವಾರ್ಷಿಕ ಉಂಗುರಗಳಿರಬೇಕು. ಎಳೆಯ ಓಟ ಅಂಚಿನಿಂದ ಹದಿನೈದಕ್ಕೆ ಒಂದಕ್ಕಿಂತ ಹೆಚ್ಚು ಓರೆಯಾಗಬಾರದು. ಎಳೆಯ ಓಟವನ್ನು ಬರಿಗಣ್ಣಿನಿಂದ ನಂಬಬಾರದು. ಫೌಂಟನ್ ಪೆನ್ನಿನ ಶಾಯಿಯ ಒಂದು ಹನಿಯನ್ನು ಮರದ ಮೇಲೆ ಬಿಟ್ಟರೆ ಶಾಯಿ ಎಳೆಯ ಗುಂಟವೇ ಹರಡಿಕೊಂಡು ನಿಜವಾದ ದಿಕ್ಕನ್ನು ತೋರಿಸುತ್ತದೆ. ಮೊದಲು ಬಂದ ಹಲಗೆ ಈ ಪರೀಕ್ಷೆಯಲ್ಲಿ ಒಂದು ತುದಿಯಲ್ಲಿ ಸೋತಿತು. ಅದನ್ನು ಹಿಂದಕ್ಕೆ ಕಳಿಸಿದೆ. ಎರಡನೆಯದು ಸುಮಾರು ಹದಿನಾರು ಅಡಿಯ ಉದ್ದಕ್ಕೂ ನೇರವಾಗಿತ್ತು. ರಂದ ಹೊಡೆದಾಗ ಹೊರಟ ಸಿಪ್ಪೆ ಎಲ್ಲೂ ತುಂಡಾಗದೆ ಸುರುಳಿಯಾಗಿ ನೆಲಕ್ಕಿಳಿಯುತ್ತಿತ್ತು.

ತೂತುಗಳು

ಹಳೆಯ ಸ್ಪಾರನ್ನೇ ಮಾದರಿಯಾಗಿ ಇಟ್ಟುಕೊಂಡು ತೂತು ಕೊರೆಯುವುದು ಸುಲಭವೆಂದು ತೋರುತ್ತದೆ. ಆದರೆ ಬೇರಿನ ಬೋಲ್ಟ್‌ಗಳ ಹಳೆಯ ತೂತುಗಳು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಅವುಗಳನ್ನು ನಕಲು ಮಾಡಿದರೆ ಸವೆತವೂ ನಕಲಾಗುತ್ತದೆ. ಆದ್ದರಿಂದ ಉಕ್ಕಿನ ಫಿಟಿಂಗ್‌ಗಳನ್ನೇ ಮಾರ್ಗದರ್ಶಿಯಾಗಿ ಬಳಸಿ, ತೂತುಗಳ ನಡುಬಿಂದುವನ್ನು ಬಲರೆಕ್ಕೆಯ ಅಳತೆಗಳೊಂದಿಗೆ ತಾಳೆ ನೋಡಿ ಗುರುತಿಸಿದೆ. ಡ್ರಿಲ್ ಪ್ರೆಸ್‌ನಲ್ಲಿ, ಹೊಸದಾಗಿ ಹರಿತಗೊಳಿಸಿದ ಬಿಟ್‌ನಿಂದ, ಹಿಂದೆ ಒತ್ತುಹಲಗೆ ಇಟ್ಟು ಕೊರೆದೆ. ಒತ್ತುಹಲಗೆ ಇಲ್ಲದಿದ್ದರೆ ಬಿಟ್ ಹೊರಬರುವ ಕಡೆ ಎಳೆಗಳು ಹಿಸಿದುಕೊಂಡು ಬರುತ್ತವೆ. ಬೋಲ್ಟ್ ಹೆಬ್ಬೆರಳಿನ ಒತ್ತಿಗೆ ಬಿಗಿಯಾಗಿ ಒಳಹೋಗಬೇಕು. ಸುತ್ತಿಗೆ ಬೇಕಾಯಿತೆಂದರೆ ತೂತು ಚಿಕ್ಕದು, ಬೋಲ್ಟ್ ತಾನಾಗಿ ಜಾರಿತೆಂದರೆ ಸ್ಪಾರ್ ಕೆಟ್ಟಿತು. ಎರಡು ದಿನಗಳಲ್ಲಿ ಮುಗಿಯಬಹುದಾದ ಈ ಕೆಲಸಕ್ಕೆ ನಾನು ಮೂರು ವಾರ ತೆಗೆದುಕೊಂಡೆ, ಅದರ ಬಗ್ಗೆ ನನಗೆ ಬೇಸರವಿಲ್ಲ.

ಬಲವರ್ಧನೆಯ ಪ್ಲೈವುಡ್ ಹಲಗೆಗಳನ್ನು ರಿಸಾರ್ಸಿನಾಲ್ ಅಂಟಿನಿಂದ ಕೂಡಿಸಿದೆ. ಈ ಅಂಟು 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಸಂದು ತೆಳುವಾಗಿರಬೇಕು, ಹಿಡಿತ ಬಲವಾಗಿರಬೇಕು. ಪ್ರತಿ ಸಲ ಅಂಟು ಕಲಸಿದಾಗಲೂ ಅದೇ ಮರದ ಎರಡು ಚೂರುಗಳನ್ನು ಪಕ್ಕದಲ್ಲೇ ಅಂಟಿಸಿಟ್ಟು, ಒಣಗಿದ ಮೇಲೆ ಉಳಿ ಹಾಕಿ ಸೀಳಿ ನೋಡಿದೆ. ಮರ ಹರಿದು ಅಂಟಿನ ಗೆರೆ ಹಾಗೇ ಉಳಿದರೆ ಕೆಲಸ ಪಾಸು. ಒಂದು ಸಲದ ಚೂರು ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡಿತು. ಆ ರಾತ್ರಿ ಹೀಟರ್ ಆರಿಹೋಗಿತ್ತೆಂದು ಆಮೇಲೆ ತಿಳಿಯಿತು. ಆ ಹಲಗೆಯನ್ನು ಕೆತ್ತಿ ತೆಗೆದು ಮತ್ತೆ ಮಾಡಿದೆ.

ಹಳೆಯ ಸ್ಪಾರನ್ನು ಒರೆಸುತ್ತಿದ್ದಾಗ ಮಗಳು ಇನ್ನೊಂದನ್ನು ಕಂಡುಹಿಡಿದಳು. ಪ್ರತಿ ರಿಬ್ ಕೂರುವ ಜಾಗದ ಪಕ್ಕದಲ್ಲಿ, ವಾರ್ನಿಷ್‌ನ ಅಡಿಯಲ್ಲಿ, ಪೆನ್ಸಿಲ್‌ನಿಂದ ಬರೆದ ಅಂಕಿಗಳು. ಒಂದು ಕಡೆ 6 ಎಂದು ಬರೆದು, ಅದನ್ನು ಹೊಡೆದು ಹಾಕಿ, ಮೇಲೆ 5 ಎಂದು ತಿದ್ದಲಾಗಿತ್ತು. ವಾರ್ನಿಷ್‌ನ ಮೊದಲ ಪದರಕ್ಕಿಂತ ಕೆಳಗಿದ್ದುದರಿಂದ ಅದು ರೆಕ್ಕೆಯನ್ನು ಮೊದಲು ಜೋಡಿಸಿದ ದಿನದ ಬರಹವೇ ಇರಬೇಕು. ಕಾರ್ಖಾನೆ ಉಸಿರು ಬಿಡಲು ಬಿಡುವಿಲ್ಲದೆ ದುಡಿಯುತ್ತಿದ್ದ ಆ 1946ರಲ್ಲಿ ಯಾರೋ ಒಬ್ಬರು ಒಂದು ರಿಬ್‌ನ ಎಣಿಕೆ ತಪ್ಪಿ, ನಿಂತು, ತಿದ್ದಿದ್ದರು. ಹೊಸ ಸ್ಪಾರ್‌ಗೆ ಎಪಾಕ್ಸಿ ವಾರ್ನಿಷ್ ಬಳಿಯುವ ಮುನ್ನ ಮಗಳು ಅದೇ ಅಂಕಿಗಳನ್ನು ಅದೇ ಜಾಗಗಳಲ್ಲಿ ಬರೆದಳು. ತಿದ್ದುಪಡಿಯನ್ನೂ ಬಿಡಲಿಲ್ಲ.

ಚೌಕಟ್ಟಿನ ಜೋಡಣೆ

ರಿಬ್‌ಗಳನ್ನು ಹೊಸ ಸ್ಪಾರ್‌ಗೆ ಮೊಳೆ ಹೊಡೆದು ಕೂರಿಸುವ ಮೊದಲು ಪ್ರತಿ ಮೊಳೆಗೂ ಸಣ್ಣ ದಾರಿತೂತು ಮಾಡಿದೆ, ಮರ ಸೀಳದಿರಲಿ ಎಂದು. ಅನಂತರ ಅಡ್ಡ ತಂತಿಗಳನ್ನು ಬಿಗಿದು, ಪ್ರತಿ ಅಂಕಣದ ಎರಡು ಕರ್ಣಗಳನ್ನು ಅಳತೆಕೋಲಿನಿಂದ ಹೋಲಿಸುತ್ತ ಬೇರಿನಿಂದ ತುದಿಗೆ ಹೋಗಬೇಕು. ಒಂದನ್ನು ಸರಿಮಾಡಿದರೆ ಪಕ್ಕದ್ದು ಕೆಡುತ್ತದೆ, ಮತ್ತೆ ಮೊದಲಿಗೆ ಬರಬೇಕು. ನಾಲ್ಕನೆಯ ಸುತ್ತಿನಲ್ಲಿ ಎಲ್ಲ ಕರ್ಣಗಳೂ ಸಮವಾದವು.

ಬಟ್ಟೆ

1946ರಲ್ಲಿ ಇಂತಹ ವಿಮಾನಗಳಿಗೆ ಹತ್ತಿಬಟ್ಟೆ ಹೊದಿಸಿ, ಅದನ್ನು ಬಿಗಿಗೊಳಿಸುವ ಡೋಪ್ ಎಂಬ ಲೇಪ ಬಳಿಯುತ್ತಿದ್ದರು. ಬಯಲಿನಲ್ಲಿ ನಿಲ್ಲಿಸಿದರೆ ಬಿಸಿಲಿಗೂ ತೇವಕ್ಕೂ ಅದು ಕೆಲವೇ ವರ್ಷಗಳಲ್ಲಿ ಕೊಳೆಯುತ್ತಿತ್ತು. ಯುದ್ಧಾನಂತರದ ಎಷ್ಟೋ ವಿಮಾನಗಳು ಅಪಘಾತವಿಲ್ಲದೆಯೇ ಕಣ್ಮರೆಯಾದದ್ದು ಹೀಗೆ, ಹೊಸ ಹೊದಿಕೆಯ ಖರ್ಚು ವಿಮಾನದ ಬೆಲೆಯನ್ನು ಮೀರಿದಾಗ. ಈಗ ಬಳಸುವುದು ಪಾಲಿಯೆಸ್ಟರ್ ಬಟ್ಟೆ. ಚೌಕಟ್ಟಿಗೆ ಅಂಟಿಸಿ ಇಸ್ತ್ರಿ ಹಾಕಿದರೆ ಅದು ಸೆಟೆದು ಬಿಗಿಯಾಗುತ್ತದೆ. ಇಸ್ತ್ರಿಪೆಟ್ಟಿಗೆಯ ಗುಂಡಿಯ ಮೇಲಿನ ಗುರುತುಗಳನ್ನು ನಂಬದೆ ಥರ್ಮಾಮೀಟರ್ ಇಟ್ಟು 121, 149, 177 ಡಿಗ್ರಿಗಳಿಗೆ ನಾನೇ ಗುರುತು ಹಾಕಿಕೊಂಡೆ. ಮೂರು ಸುತ್ತು, ಪ್ರತಿ ಸುತ್ತಿಗೂ ಹೆಚ್ಚಿನ ಶಾಖ. 177ನ್ನು ದಾಟಬಾರದು, ದಾಟಿದರೆ ಬಟ್ಟೆ ಬಿಗಿಯುವ ಬದಲು ಸಡಿಲಾಗತೊಡಗುತ್ತದೆ, ಮತ್ತೆ ಸರಿಮಾಡುವ ಮಾರ್ಗವಿಲ್ಲ. ಕೊನೆಯ ಸುತ್ತು ಮುಗಿದ ಮೇಲೆ ಬೆರಳಿನಿಂದ ತಟ್ಟಿದರೆ ಹದಮಾಡಿದ ಮದ್ದಳೆಯಂತೆ ನುಡಿಯಿತು.

ರಿಬ್ ಹೊಲಿಗೆಗೆ ಇಬ್ಬರು ಬೇಕು. ನಾನು ಮೇಲಿನಿಂದ ಗೇಣಿಗಿಂತ ಉದ್ದದ ಸೂಜಿಯನ್ನು ರಿಬ್‌ನ ಪಕ್ಕದಲ್ಲಿ ಕೆಳಕ್ಕೆ ಚುಚ್ಚುತ್ತಿದ್ದೆ; ಕೆಳಗೆ ಕುಳಿತ ಮಗಳು ಅದನ್ನು ರಿಬ್‌ನ ಇನ್ನೊಂದು ಪಕ್ಕದಿಂದ ಮೇಲಕ್ಕೆ ಕಳಿಸುತ್ತಿದ್ದಳು. ಮೇಣದ ದಾರ ರಿಬ್ಬನ್ನು ಸುತ್ತಿ ಬಂದ ಮೇಲೆ ಬಲೆ ಹೆಣೆಯುವವರ ಗಂಟು ಹಾಕಿ, ಎಳೆದು, ಗಂಟನ್ನು ಬಟ್ಟೆಯ ಒಳಕ್ಕೆ ಜಾರಿಸಬೇಕು. ಗಂಟು ಜಾರುವಾಗ ಬೆರಳಿಗೆ ಒಂದು ಸಣ್ಣ ಟಿಕ್ ತಿಳಿಯುತ್ತದೆ. ಮೊದಲ ರಿಬ್‌ಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು, ಕೊನೆಯದಕ್ಕೆ ಮುಕ್ಕಾಲು ಗಂಟೆ. ಅಂತರಗಳೆಲ್ಲ ಗೋಡೆಯ ಮೇಲೆ ತೂಗುತ್ತಿದ್ದ ಹಳೆಯ ಬಟ್ಟೆಯಿಂದಲೇ ಬಂದವು. ಆಮೇಲೆ ಪಟ್ಟಿಗಳು, ಬಸಿತೂತುಗಳ ಉಂಗುರಗಳು, ತಪಾಸಣೆ ಕಿಂಡಿಗಳು. ಸ್ಟ್ರಟ್ ಹಲಗೆಯ ಹೊರತುದಿಗೆ ನೇರವಾಗಿ ಹಳೆಯ ಹೊದಿಕೆಯಲ್ಲಿ ಕಿಂಡಿ ಇರಲಿಲ್ಲ. ತಪಾಸಕರೊಂದಿಗೆ ಮಾತಾಡಿ ಅಲ್ಲೊಂದನ್ನು ಸೇರಿಸಿದೆ.

ಬಣ್ಣದ ಕೆಳಗಿನ ಬೆಳ್ಳಿಪದರದಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಬಟ್ಟೆಗೆ ತಾಗದಂತೆ ತಡೆಯುವುದು ಅದೇ. ರೆಕ್ಕೆಯ ಒಳಗೆ ಬಲ್ಬ್ ಉರಿಸಿ ಕತ್ತಲಲ್ಲಿ ಹೊರಗಿನಿಂದ ನೋಡಿ, ಬೆಳಕು ಜಿನುಗಿದ ಕಡೆ ಮತ್ತೊಂದು ಪದರ ಹೊಡೆದೆ. ಮೇಲಿನ ಬಣ್ಣವನ್ನು ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸಿದೆ. 65 ಅಶ್ವಶಕ್ತಿಯ ವಿಮಾನಕ್ಕೆ ಹೊಳಪಿನ ಆಸೆಯಿಂದ ಪದರದ ಮೇಲೆ ಪದರ ಹೊಡೆದರೆ ಪ್ರತಿ ಸಲ ಮೇಲೇರುವಾಗಲೂ ಅದನ್ನು ಹೊತ್ತುಕೊಂಡೇ ಏರಬೇಕು.

ಮತ್ತೆ ಹಾರಾಟ

ಎಂಜಿನ್ ಒಳ್ಳೆಯ ಸ್ಥಿತಿಯಲ್ಲಿತ್ತು. ಎಣ್ಣೆ, ಪ್ಲಗ್‌ಗಳು, ಮ್ಯಾಗ್ನೆಟೊ ಪಾಯಿಂಟ್‌ಗಳು, ಇಂಧನದ ಮೆದುಕೊಳವೆಗಳು, ಇಷ್ಟನ್ನೇ ಬದಲಿಸಿದೆ. ವಿಮಾನವನ್ನು ತೂಕಕ್ಕೆ ಹಾಕಿ ಹೊಸ ಪಟ್ಟಿ ಬರೆಸಿದ್ದಾಯಿತು. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಬಾಲವನ್ನು ಕಟ್ಟಿಹಾಕಿ, ಒಳಗೆ ಬ್ರೇಕ್ ಮೇಲೆ ಅನುಭವಿ ಪೈಲಟ್ ಒಬ್ಬರನ್ನು ಕೂರಿಸಿ ಪ್ರೊಪೆಲ್ಲರ್ ತಿರುಗಿಸಿದೆ. ಮೂರನೆಯ ಸಲಕ್ಕೆ ಎಂಜಿನ್ ಹಿಡಿಯಿತು.

ಮೊದಲ ಹಾರಾಟದಲ್ಲಿ ವಿಮಾನ ಎಡಕ್ಕೆ ವಾಲುತ್ತಿತ್ತು. ಹಿಡಿಯನ್ನು ಸದಾ ಸ್ವಲ್ಪ ಬಲಕ್ಕೆ ಒತ್ತಿ ಹಿಡಿಯಬೇಕಿತ್ತು. ಇಳಿದ ಮೇಲೆ ಎಡಬದಿಯ ಹಿಂದಿನ ಸ್ಟ್ರಟ್‌ನ ತಿರುಪನ್ನು ಒಂದು ಸುತ್ತು ತಿರುಗಿಸಿ ರೆಕ್ಕೆಯ ತಿರುಚನ್ನು ಚೂರು ಬದಲಿಸಿದೆ. ಎರಡನೆಯ ಹಾರಾಟದಲ್ಲಿ ವಾಲು ಅರ್ಧಕ್ಕಿಳಿಯಿತು. ಇನ್ನೊಂದು ಸುತ್ತಿನ ಬಳಿಕ, ಗಾಳಿಯಿಲ್ಲದ ಬೆಳಿಗ್ಗೆ ಮೂರು ಸಾವಿರ ಅಡಿ ಎತ್ತರದಲ್ಲಿ ಎರಡೂ ಕೈ ಬಿಟ್ಟಾಗ ರೆಕ್ಕೆಗಳು ಸಮವಾಗಿ ನಿಂತವು.

ಲಾಗ್‌ಬುಕ್‌ನಲ್ಲಿ ಬರೆದದ್ದು ಒಂದೂವರೆ ಪುಟವಾಯಿತು: ಬಿರುಕು ಇದ್ದ ಜಾಗ, ಹಲಗೆಯ ತುದಿಯಿಂದ ಅದರ ದೂರ, ಹಳೆಯ ಬಾಗುಪಟ್ಟಿ ದುರಸ್ತಿಯ ಪುಟಸಂಖ್ಯೆ, ಹೊಸ ಮರದ ಪ್ರಮಾಣಪತ್ರದ ಸಂಖ್ಯೆ, ಹೊಸ ಕಿಂಡಿಯ ಉದ್ದೇಶ. ಹಳೆಯ ಸ್ಪಾರ್ ಮತ್ತೆ ಯಾವ ರೆಕ್ಕೆಗೂ ಸೇರದಂತೆ ಅದನ್ನು ಎರಡು ತುಂಡು ಮಾಡಿದೆ. ಬಿರುಕಿರುವ ತುಂಡಿನಲ್ಲಿ ಗೆರೆಯ ಸುತ್ತ ಕೆಂಪು ಬಳೆ ಎಳೆದು, ಪೆನ್ಸಿಲ್ ಅಂಕಿಗಳಿರುವ ತುಂಡಿನ ಜೊತೆಗೆ ಹ್ಯಾಂಗರ್‌ನ ಗೋಡೆಗೆ ಹಾಕಿದ್ದೇನೆ. ಹಿಂದಿನ ಮಾಲೀಕರ ಪತ್ನಿ ಒಂದು ಭಾನುವಾರ ಬಂದು ಎರಡನ್ನೂ ನೋಡಿದರು, ಕೆಂಪು ಬಳೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ನಿಂತರು, ಆಮೇಲೆ ವಿಮಾನದ ಬಲಗಡೆಯ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡರು. ಮುಂದಿನ ತಿಂಗಳು ಬಲರೆಕ್ಕೆಯ ಕಿಂಡಿಗಳನ್ನು ತೆರೆದು ಅದೇ ಟಾರ್ಚು, ಅದೇ ಕನ್ನಡಿಯಿಂದ ಅದರ ಎರಡೂ ಸ್ಪಾರ್‌ಗಳನ್ನು ನೋಡಲಿದ್ದೇವೆ.